ಪರೀಕ್ಷೆಯ ಪ್ರಶ್ನೆಗಳಲ್ಲಿ ಬರುವ ಸೂಚನಾ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠವನ್ನು ಚೆನ್ನಾಗಿ ಓದಿಕೊಂಡ ವಿದ್ಯಾರ್ಥಿಯೂ ಅಂಕ ಕಳೆದುಕೊಳ್ಳುವುದುಂಟು. ಅಂಥ ಉತ್ತರಪತ್ರಿಕೆಯನ್ನು ತೆರೆದು ನೋಡಿದರೆ ಬರೆದ ಮಾಹಿತಿಯಲ್ಲಿ ತಪ್ಪೇನೂ ಕಾಣುವುದಿಲ್ಲ; ಆದರೆ ಕೇಳಿದ್ದೊಂದು, ಬರೆದದ್ದೊಂದು ಆಗಿರುತ್ತದೆ. ಕಾರಣ ಕೇಳಿದಲ್ಲಿ ವರ್ಣನೆ ಇರುತ್ತದೆ, ಹೋಲಿಕೆ ಕೇಳಿದಲ್ಲಿ ಎರಡು ಬಿಡಿ ಟಿಪ್ಪಣಿಗಳಿರುತ್ತವೆ, ನಿಲುವು ಕೇಳಿದಲ್ಲಿ ಬರಿಯ ಮಾಹಿತಿ ತುಂಬಿರುತ್ತದೆ. ಓದಿದ್ದು ಹೀಗೆ ವ್ಯರ್ಥವಾಗುವುದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಇದನ್ನು ತಪ್ಪಿಸಲು ಹೆಚ್ಚಿನ ಓದು ಬೇಕಾಗಿಲ್ಲ, ಪ್ರಶ್ನೆಯನ್ನು ಓದುವ ಕ್ರಮ ಬದಲಾದರೆ ಸಾಕು. ವಿದ್ಯಾರ್ಥಿಗಳು, ಪೋಷಕರು ಮತ್ತು ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಶಿಕ್ಷಕರು ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಸೂಚನಾ ಪದ ಎಂದರೇನು? ಪ್ರಶ್ನೆಯಲ್ಲಿ ಅದನ್ನು ಗುರುತಿಸುವುದು ಹೇಗೆ?

ಪ್ರಶ್ನೆಯು ವಿದ್ಯಾರ್ಥಿಯಿಂದ ಯಾವ ಕೆಲಸವನ್ನು ಬಯಸುತ್ತದೆ ಎಂಬುದನ್ನು ಹೇಳುವ ಪದವೇ ಸೂಚನಾ ಪದ. ಹೆಸರಿಸಿ, ವಿವರಿಸಿ, ಹೋಲಿಸಿ, ಸಾಧಿಸಿ, ವಿಶ್ಲೇಷಿಸಿ, ಸಮರ್ಥಿಸಿ ಮುಂತಾದವೆಲ್ಲ ಈ ಗುಂಪಿಗೆ ಸೇರುತ್ತವೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುವುದರಿಂದ ಸೂಚನಾ ಪದವೂ ಬಹುಪಾಲು ಪ್ರಶ್ನೆಯ ತುದಿಯಲ್ಲೇ ಇರುತ್ತದೆ. ಪರಿಚಿತ ವಿಷಯದ ಹೆಸರು ಕಂಡ ಕೂಡಲೇ ಓದುವುದನ್ನು ನಿಲ್ಲಿಸಿ ಬರೆಯಲು ತೊಡಗುವ ವಿದ್ಯಾರ್ಥಿ ಆ ತುದಿಯನ್ನು ಓದಿಯೇ ಇರುವುದಿಲ್ಲ. ಆದ್ದರಿಂದ ಪ್ರಶ್ನೆಯನ್ನು ಪೂರ್ಣವಿರಾಮದವರೆಗೆ ಓದುವುದು ಮೊದಲ ಅಭ್ಯಾಸವಾಗಬೇಕು.

"ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆಗಳ ನಡುವಿನ ಎರಡು ವ್ಯತ್ಯಾಸಗಳನ್ನು ಉದಾಹರಣೆ ಸಹಿತ ತಿಳಿಸಿ" ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಇಲ್ಲಿ ಎರಡು ಬಗೆಯ ಬದಲಾವಣೆಗಳು ವಿಷಯ. ವ್ಯತ್ಯಾಸ ತಿಳಿಸುವುದು ಕೆಲಸ. ಎರಡು ಎಂಬುದು ಮಿತಿ. ಉದಾಹರಣೆ ಎಂಬುದು ತಪ್ಪದೆ ಪೂರೈಸಬೇಕಾದ ಷರತ್ತು. ವಿಷಯ, ಕೆಲಸ, ಮಿತಿ, ಷರತ್ತು ಎಂದು ಹೀಗೆ ಬಿಡಿಸಿ ನೋಡುವುದು ರೂಢಿಯಾದರೆ ಎಂಥ ಉದ್ದದ ಪ್ರಶ್ನೆಯೂ ಸ್ಪಷ್ಟವಾಗುತ್ತದೆ. ಏಕೆ, ಹೇಗೆ, ಎಷ್ಟರ ಮಟ್ಟಿಗೆ ಎಂಬ ಪ್ರಶ್ನಾರ್ಥಕ ಪದಗಳೂ ಸೂಚನಾ ಪದಗಳ ಕೆಲಸವನ್ನೇ ಮಾಡುತ್ತವೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಇಷ್ಟೊಂದು ಬಗೆಯ ಪದಗಳು ಏಕೆ ಬೇಕು? ಎಲ್ಲದಕ್ಕೂ "ಬರೆಯಿರಿ" ಎಂದರೆ ಸಾಲದೆ?

ಸಾಲುವುದಿಲ್ಲ. ಒಂದು ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಂಡಿರುವುದು, ಅದನ್ನು ಅರ್ಥ ಮಾಡಿಕೊಂಡಿರುವುದು ಮತ್ತು ಹೊಸ ಸನ್ನಿವೇಶದಲ್ಲಿ ಅದನ್ನು ಬಳಸಬಲ್ಲುದು ಬೇರೆ ಬೇರೆ ಸಾಮರ್ಥ್ಯಗಳು. ಇವನ್ನು ಪ್ರತ್ಯೇಕವಾಗಿ ಅಳೆಯಲು ಪ್ರತ್ಯೇಕ ಸೂಚನೆಗಳು ಬೇಕು. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂಬ ಆರು ಹಂತಗಳಲ್ಲಿ ವಿಂಗಡಿಸಿದರು. 2001ರಲ್ಲಿ ಪರಿಷ್ಕೃತವಾದ ವಿಂಗಡಣೆಯಲ್ಲಿ ಹಂತಗಳು ಕ್ರಿಯಾಪದಗಳ ರೂಪ ಪಡೆದವು: ಸ್ಮರಿಸುವುದು, ಅರ್ಥೈಸುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಮೌಲ್ಯಮಾಪನ ಮಾಡುವುದು, ಸೃಷ್ಟಿಸುವುದು. ಪ್ರಶ್ನೆಪತ್ರಿಕೆಗಳಲ್ಲಿ ಕಾಣುವ ಹೆಚ್ಚಿನ ಸೂಚನಾ ಪದಗಳನ್ನು ಈ ಹಂತಗಳಲ್ಲಿ ಯಾವುದಾದರೊಂದಕ್ಕೆ ಹೊಂದಿಸಿ ನೋಡಬಹುದು.

ಆದರೆ ಪದವೊಂದೇ ಹಂತವನ್ನು ನಿರ್ಧರಿಸುತ್ತದೆ ಎಂದು ತಿಳಿಯಬಾರದು. ತರಗತಿಯಲ್ಲಿ ಶಬ್ದಶಃ ಬರೆಸಿದ ವಿಶ್ಲೇಷಣೆಯನ್ನೇ ಪರೀಕ್ಷೆಯಲ್ಲಿ "ವಿಶ್ಲೇಷಿಸಿ" ಎಂದು ಕೇಳಿದರೆ ಅಲ್ಲಿ ಪರೀಕ್ಷೆಯಾಗುವುದು ನೆನಪಿನ ಶಕ್ತಿ ಮಾತ್ರ. ಪದ ದೊಡ್ಡದಿದ್ದ ಮಾತ್ರಕ್ಕೆ ಪ್ರಶ್ನೆ ದೊಡ್ಡದಾಗುವುದಿಲ್ಲ.

"ಹೆಸರಿಸಿ", "ಪಟ್ಟಿ ಮಾಡಿ", "ತಿಳಿಸಿ" ಎಂದಾಗ ಎಷ್ಟು ಬರೆಯಬೇಕು?

ಕೇಳಿದಷ್ಟನ್ನೇ ಬರೆಯಬೇಕು. ಹೆಸರಿಸಿ ಎಂದಾಗ ಒಂದು ಪದ ಅಥವಾ ಪದಗುಚ್ಛ ಸಾಕು. ಪಟ್ಟಿ ಮಾಡಿ ಎಂದಾಗ ಅಂಶಗಳನ್ನು ಒಂದರ ಕೆಳಗೊಂದು ಬರೆದರೆ ಆಯಿತು, ಅವುಗಳ ವಿವರಣೆ ಬೇಕಿಲ್ಲ. ತಿಳಿಸಿ ಎಂಬುದಕ್ಕೆ ಸಾಮಾನ್ಯವಾಗಿ ಒಂದೆರಡು ಪೂರ್ಣ ವಾಕ್ಯಗಳು ಬೇಕಾಗುತ್ತವೆ. ಇಂಥ ಪ್ರಶ್ನೆಗೆ ಅರ್ಧ ಪುಟ ಬರೆಯುವುದರಿಂದ ಹೆಚ್ಚಿನ ಅಂಕ ಸಿಗುವುದಿಲ್ಲ. ಮುಂದಿನ ದೊಡ್ಡ ಪ್ರಶ್ನೆಗೆ ಸಿಗಬೇಕಾದ ಸಮಯ ಮಾತ್ರ ಕಡಿಮೆಯಾಗುತ್ತದೆ.

ವ್ಯಾಖ್ಯೆ ಬರೆಯಿರಿ ಎಂದಾಗ ಪುಸ್ತಕದ ಮಾತನ್ನೇ ಬರೆಯಬೇಕೆ?

ಪುಸ್ತಕದ ಮಾತುಗಳೇ ಆಗಬೇಕೆಂದಿಲ್ಲ, ಆದರೆ ಪುಸ್ತಕದ ನಿಖರತೆ ಇರಬೇಕು. ವ್ಯಾಖ್ಯೆಯ ಕೆಲಸವೆಂದರೆ ಒಂದು ಪದಕ್ಕೆ ಗಡಿ ಎಳೆಯುವುದು: ಒಳಗೆ ಬರಬೇಕಾದವೆಲ್ಲ ಒಳಗೆ ಬರಬೇಕು, ಹೊರಗಿರಬೇಕಾದವೆಲ್ಲ ಹೊರಗುಳಿಯಬೇಕು. "1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರೆ ಅಪವರ್ತನಗಳಿಲ್ಲದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ" ಎಂದು ಹಲವರು ಬರೆಯುತ್ತಾರೆ. ಈ ಮಾತಿನ ಪ್ರಕಾರ 1 ಕೂಡ ಅವಿಭಾಜ್ಯವಾಗಿಬಿಡುತ್ತದೆ, ಆದರೆ ಅದು ಅವಿಭಾಜ್ಯವಲ್ಲ. "1ಕ್ಕಿಂತ ದೊಡ್ಡದಾದ ಸ್ವಾಭಾವಿಕ ಸಂಖ್ಯೆ" ಎಂಬ ಮಾತು ಸೇರಿದಾಗಲೇ ವ್ಯಾಖ್ಯೆ ಪೂರ್ಣವಾಗುತ್ತದೆ. ಉದಾಹರಣೆ ಕೊಡುವುದು ಒಳ್ಳೆಯದೇ, ಆದರೆ 2, 3, 5, 7 ಎಂದಷ್ಟೇ ಬರೆದರೆ ಅದು ವ್ಯಾಖ್ಯೆಯಲ್ಲ.

ನಿಯಮಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಓಮ್‌ನ ನಿಯಮವನ್ನು ಬರೆಯುವಾಗ ವಾಹಕದ ತಾಪ ಸ್ಥಿರವಾಗಿರಬೇಕು ಎಂಬ ಷರತ್ತನ್ನು ಬಿಟ್ಟರೆ ನಿಯಮದ ಒಂದು ಭಾಗವೇ ಬಿಟ್ಟುಹೋಗುತ್ತದೆ. ಯಾವ ಪರಿಸ್ಥಿತಿಯಲ್ಲಿ ನಿಯಮ ನಿಲ್ಲುತ್ತದೆ ಎಂಬುದು ನಿಯಮದಷ್ಟೇ ಮುಖ್ಯ.

"ವರ್ಣಿಸಿ" ಮತ್ತು "ವಿವರಿಸಿ" ಎರಡೂ ಒಂದೇ ಅಲ್ಲವೆ?

ಈ ಎರಡು ಕೆಲಸಗಳನ್ನು ಬೇರ್ಪಡಿಸಲು ಕಲಿತ ವಿದ್ಯಾರ್ಥಿ ಅರ್ಧ ದಾರಿ ಸಾಗಿದಂತೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುವುದು ಅಗತ್ಯ. ಏನಾಯಿತು, ಹೇಗಿದೆ, ಯಾವ ಕ್ರಮದಲ್ಲಿ ನಡೆಯಿತು ಎಂದು ಹೇಳುವುದು ವರ್ಣನೆ. ಏಕೆ ಹಾಗಾಯಿತು, ಯಾವುದರಿಂದ ಯಾವುದು ಉಂಟಾಯಿತು ಎಂದು ಹೇಳುವುದು ವಿವರಣೆ.

ಮಂಜುಗಡ್ಡೆಯನ್ನು ಒಂದೇ ಸಮನಾಗಿ ಕಾಯಿಸುತ್ತ, ಸಮಯಕ್ಕೆ ತಕ್ಕಂತೆ ತಾಪ ಹೇಗೆ ಬದಲಾಗುತ್ತದೆ ಎಂದು ತೋರಿಸುವ ನಕ್ಷೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ನಕ್ಷೆಯಲ್ಲಿ ತಾಪವನ್ನು ವರ್ಣಿಸಲು ಕೇಳಿದರೆ ಉತ್ತರ ಹೀಗಿರುತ್ತದೆ: "ಮೊದಲು ತಾಪವು 0 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಅಲ್ಲಿ ಸ್ವಲ್ಪ ಕಾಲ ಬದಲಾಗದೆ ನಿಲ್ಲುತ್ತದೆ. ಅನಂತರ ಮತ್ತೆ ಏರುತ್ತ 100 ಡಿಗ್ರಿ ತಲುಪಿ ಅಲ್ಲಿ ಎರಡನೆಯ ಬಾರಿ ಸ್ಥಿರವಾಗುತ್ತದೆ." ಇಲ್ಲಿ ಕಾರಣದ ಸುಳಿವೂ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ನಕ್ಷೆಯಲ್ಲಿರುವ ಅಂಕಿಗಳು ಇವೆ. ತಾಪ "ಏರುತ್ತದೆ, ನಿಲ್ಲುತ್ತದೆ" ಎಂದಷ್ಟೇ ಬರೆದು ಅಂಕಿಗಳನ್ನು ಬಿಟ್ಟರೆ ವರ್ಣನೆ ಸಡಿಲವಾಗುತ್ತದೆ.

ಅದೇ ನಕ್ಷೆಯನ್ನು ಕೊಟ್ಟು, ತಾಪ 0 ಡಿಗ್ರಿಯಲ್ಲಿ ಏಕೆ ನಿಂತಿದೆ ಎಂದು ವಿವರಿಸಲು ಕೇಳಿದರೆ ಉತ್ತರದ ಸ್ವರೂಪವೇ ಬದಲಾಗುತ್ತದೆ: "ಈ ಅವಧಿಯಲ್ಲಿ ಮಂಜುಗಡ್ಡೆ ಕರಗುತ್ತಿರುತ್ತದೆ. ಒದಗಿಸಿದ ಉಷ್ಣವು ಕಣಗಳ ನಡುವಿನ ಆಕರ್ಷಣೆಯನ್ನು ಮೀರಿ ಘನವನ್ನು ದ್ರವವಾಗಿಸಲು ಬಳಕೆಯಾಗುತ್ತದೆ. ಕಣಗಳ ಸರಾಸರಿ ಚಲನಶಕ್ತಿ ಹೆಚ್ಚದ ಕಾರಣ ತಾಪ ಏರುವುದಿಲ್ಲ. ಹೀಗೆ ಬಳಕೆಯಾದ ಉಷ್ಣವನ್ನು ಗುಪ್ತೋಷ್ಣ ಎನ್ನುತ್ತಾರೆ." ಮೊದಲನೆಯ ಉತ್ತರವನ್ನು ಎರಡನೆಯ ಪ್ರಶ್ನೆಗೆ ಬರೆದರೆ, ಅದರ ಪ್ರತಿ ವಾಕ್ಯವೂ ಸರಿಯಾಗಿದ್ದರೂ, ಮೌಲ್ಯಮಾಪಕರಿಗೆ ಅಂಕ ಕೊಡಲು ದಾರಿ ಇರುವುದಿಲ್ಲ.

ಕನ್ನಡದ ಪ್ರಶ್ನೆಪತ್ರಿಕೆಗಳಲ್ಲಿ ಇನ್ನೊಂದು ತೊಡಕಿದೆ. "ವಿವರಿಸಿ" ಎಂಬ ಒಂದೇ ಪದವನ್ನು ಎರಡೂ ಕೆಲಸಗಳಿಗೆ ಬಳಸುವ ರೂಢಿ ನಮ್ಮಲ್ಲಿ ಬೆಳೆದಿದೆ. "ಹೃದಯದ ರಚನೆಯನ್ನು ವಿವರಿಸಿ" ಎಂಬಲ್ಲಿ ಬೇಕಾದದ್ದು ನಾಲ್ಕು ಕೋಣೆಗಳು, ಕವಾಟಗಳು, ರಕ್ತನಾಳಗಳ ವರ್ಣನೆ. "ಹೃದಯದ ಎಡ ಹೃತ್ಕುಕ್ಷಿಯ ಗೋಡೆ ಹೆಚ್ಚು ದಪ್ಪವಾಗಿರುವುದನ್ನು ವಿವರಿಸಿ" ಎಂಬಲ್ಲಿ ಬೇಕಾದದ್ದು ಕಾರಣ: ಅದು ರಕ್ತವನ್ನು ಇಡೀ ದೇಹಕ್ಕೆ ತಳ್ಳಬೇಕು, ಬಲ ಹೃತ್ಕುಕ್ಷಿ ಪುಪ್ಪುಸಗಳಿಗೆ ಮಾತ್ರ ತಳ್ಳಿದರೆ ಸಾಕು. ಪದ ಒಂದೇ ಆದರೂ ಅದರ ಹಿಂದಿರುವ ನಾಮಪದ ಬೇರೆ. ರಚನೆ, ಸ್ವರೂಪ, ಹಂತಗಳು, ವಿಧಾನ ಎಂಬ ಪದಗಳಿದ್ದರೆ ವರ್ಣನೆಯತ್ತಲೂ, ಕಾರಣ, ಪರಿಣಾಮ, ಸಂಬಂಧ, ಪಾತ್ರ ಎಂಬ ಪದಗಳಿದ್ದರೆ ವಿವರಣೆಯತ್ತಲೂ ಹೊರಳಬೇಕು. ಅನುಮಾನ ಉಳಿದರೆ ವರ್ಣಿಸಿದ ಮೇಲೆ "ಏಕೆಂದರೆ" ಎಂದು ಒಂದು ವಾಕ್ಯವನ್ನಾದರೂ ಸೇರಿಸುವುದು ಸುರಕ್ಷಿತ.

"ಕಾರಣ ಕೊಡಿ" ಎಂಬ ಪ್ರಶ್ನೆಗೆ ಒಂದೇ ವಾಕ್ಯ ಬರೆದರೆ ಪೂರ್ತಿ ಅಂಕ ಏಕೆ ಸಿಗುವುದಿಲ್ಲ?

ಹೇಳಿಕೆಗೂ ಕಾರಣಕ್ಕೂ ನಡುವಿನ ಕೊಂಡಿಗಳು ಬಿಟ್ಟುಹೋಗುವುದರಿಂದ. "ಎತ್ತರದ ಪರ್ವತಗಳ ಮೇಲೆ ನೀರು 100 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಕುದಿಯುತ್ತದೆ, ಕಾರಣ ಕೊಡಿ" ಎಂಬ ಪ್ರಶ್ನೆಗೆ "ಅಲ್ಲಿ ವಾಯುವಿನ ಒತ್ತಡ ಕಡಿಮೆ ಇರುತ್ತದೆ" ಎಂದರೆ ಉತ್ತರ ಆರಂಭವಾಯಿತು, ಮುಗಿಯಲಿಲ್ಲ. ನೀರಿನ ಆವಿಯ ಒತ್ತಡವು ಹೊರಗಿನ ಒತ್ತಡಕ್ಕೆ ಸಮನಾದಾಗ ನೀರು ಕುದಿಯುತ್ತದೆ, ಹೊರಗಿನ ಒತ್ತಡ ಕಡಿಮೆಯಾದಾಗ ಆ ಸಮಸ್ಥಿತಿ ಕಡಿಮೆ ತಾಪದಲ್ಲೇ ಒದಗುತ್ತದೆ ಎಂಬಲ್ಲಿಗೆ ಸರಪಳಿ ಮುಟ್ಟಬೇಕು. ಬರೆದು ಮುಗಿಸಿದ ಮೇಲೆ "ಆದ್ದರಿಂದ" ಎಂದು ಸೇರಿಸಿ ಪ್ರಶ್ನೆಯ ಹೇಳಿಕೆಯನ್ನು ಓದಿ ನೋಡಿ. ನಡುವೆ ಜಿಗಿತವಿಲ್ಲದೆ ಮಾತು ಕೂಡಿಕೊಂಡರೆ ಉತ್ತರ ಪೂರ್ಣವಾಗಿದೆ.

ಪ್ರಶ್ನೆಯ ಹೇಳಿಕೆಯನ್ನೇ ಬೇರೆ ಮಾತಿನಲ್ಲಿ ಹೇಳುವುದು ಕಾರಣವಲ್ಲ. "ಕುದಿಯುವ ಬಿಂದು ಕಡಿಮೆ ಇರುವುದರಿಂದ ಬೇಗ ಕುದಿಯುತ್ತದೆ" ಎಂಬಂಥ ಉತ್ತರಗಳು ಕಾರಣದ ವೇಷ ತೊಟ್ಟ ಪುನರುಕ್ತಿಗಳು.

"ಹೋಲಿಸಿ" ಎಂದರೆ ಸಾಮ್ಯ ಮಾತ್ರವೆ, ವ್ಯತ್ಯಾಸವೂ ಬೇಕೆ?

ಹೋಲಿಸಿ ಎಂದಾಗ ಎರಡೂ ಬೇಕು. "ವ್ಯತ್ಯಾಸ ತಿಳಿಸಿ" ಎಂದಾಗ ವ್ಯತ್ಯಾಸಗಳು ಮಾತ್ರ ಸಾಕು. ಸಸ್ಯ ಜೀವಕೋಶ ಮತ್ತು ಪ್ರಾಣಿ ಜೀವಕೋಶಗಳನ್ನು ಹೋಲಿಸಲು ಕೇಳಿದಾಗ, ಎರಡರಲ್ಲೂ ಕೋಶಪೊರೆ, ಕೋಶದ್ರವ್ಯ, ಕೋಶಕೇಂದ್ರ, ಮೈಟೊಕಾಂಡ್ರಿಯಾಗಳು ಇವೆ ಎಂಬುದನ್ನು ಹೇಳಿದ ಮೇಲೆ, ಕೋಶಭಿತ್ತಿ ಸಸ್ಯ ಜೀವಕೋಶದಲ್ಲಿ ಮಾತ್ರ ಇದೆ ಎಂಬುದಕ್ಕೆ ಬರಬೇಕು.

ಇದಕ್ಕಿಂತ ದೊಡ್ಡ ತೊಂದರೆ ಬರೆಯುವ ರೀತಿಯದು. ಒಂದು ಪ್ಯಾರಾದಲ್ಲಿ ಸಸ್ಯ ಜೀವಕೋಶದ ಬಗ್ಗೆ, ಇನ್ನೊಂದರಲ್ಲಿ ಪ್ರಾಣಿ ಜೀವಕೋಶದ ಬಗ್ಗೆ ಬರೆದು ಹೋಲಿಸುವ ಕೆಲಸವನ್ನು ಓದುವವರಿಗೆ ಬಿಟ್ಟುಬಿಡುವುದು ಹೋಲಿಕೆಯಾಗುವುದಿಲ್ಲ. ಒಂದು ಗುಣವನ್ನು ಹಿಡಿದು ಎರಡೂ ಕಡೆ ಅದು ಹೇಗಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಬೇಕು: "ಸಸ್ಯ ಜೀವಕೋಶದಲ್ಲಿ ಒಂದು ದೊಡ್ಡ ರಸದಾನಿ ಇರುತ್ತದೆ, ಪ್ರಾಣಿ ಜೀವಕೋಶದಲ್ಲಿ ರಸದಾನಿಗಳಿದ್ದರೆ ಅವು ಚಿಕ್ಕವಾಗಿರುತ್ತವೆ." ಕೋಷ್ಟಕದಲ್ಲಿ ಬರೆಯುವುದಾದರೂ ಎಡಗಡೆಯ ಸಾಲು ಮತ್ತು ಬಲಗಡೆಯ ಸಾಲು ಒಂದೇ ಗುಣದ ಬಗ್ಗೆ ಮಾತನಾಡಬೇಕು. ಎಡಕ್ಕೆ ಗಾತ್ರ, ಬಲಕ್ಕೆ ಬಣ್ಣ ಬರೆದರೆ ಕೋಷ್ಟಕ ಅಚ್ಚುಕಟ್ಟಾಗಿ ಕಾಣಬಹುದು, ಆದರೆ ಅದರಲ್ಲಿ ವ್ಯತ್ಯಾಸವೇ ಇರುವುದಿಲ್ಲ.

ಚರ್ಚಿಸಿ, ವಿಶ್ಲೇಷಿಸಿ, ವಿಮರ್ಶಿಸಿ ಎಂಬ ಪದಗಳು ಭಯ ಹುಟ್ಟಿಸುತ್ತವೆ. ಇವುಗಳನ್ನು ಹೇಗೆ ಎದುರಿಸಬೇಕು?

ಇವು ದೊಡ್ಡ ಪದಗಳಂತೆ ಕಂಡರೂ ಪ್ರತಿಯೊಂದರ ಬೇಡಿಕೆಯೂ ಸ್ಪಷ್ಟವಾಗಿದೆ. ವಿಶ್ಲೇಷಿಸುವುದೆಂದರೆ ಇಡಿಯನ್ನು ಬಿಡಿಭಾಗಗಳಾಗಿ ಬಿಡಿಸಿ, ಆ ಭಾಗಗಳ ನಡುವಿನ ಸಂಬಂಧವನ್ನು ತೋರಿಸುವುದು. ಚರ್ಚಿಸುವುದೆಂದರೆ ಒಂದಕ್ಕಿಂತ ಹೆಚ್ಚು ದೃಷ್ಟಿಕೋನಗಳನ್ನು ಆಧಾರ ಸಹಿತ ಮುಂದಿಡುವುದು. ವಿಮರ್ಶಿಸುವುದು ಅಥವಾ ಮೌಲ್ಯಮಾಪನ ಮಾಡುವುದೆಂದರೆ ಗುಣದೋಷಗಳನ್ನು ತೂಗಿ ಒಂದು ತೀರ್ಮಾನ ಕೊಡುವುದು. ವಿಮರ್ಶೆ ಎಂದರೆ ತಪ್ಪು ಹುಡುಕುವುದು ಎಂಬ ತಿಳಿವಳಿಕೆ ಸರಿಯಲ್ಲ.

ಮೊದಲನೆಯ ಮಹಾಯುದ್ಧದ ಪಾಠವನ್ನು ಇಟ್ಟುಕೊಂಡು ಇದನ್ನು ನೋಡಬಹುದು. "ಮಹಾಯುದ್ಧದ ಕಾರಣಗಳನ್ನು ಪಟ್ಟಿ ಮಾಡಿ" ಎಂದರೆ ಮೈತ್ರಿಕೂಟಗಳು, ಶಸ್ತ್ರಾಸ್ತ್ರಗಳ ಪೈಪೋಟಿ, ಸಾಮ್ರಾಜ್ಯಶಾಹಿ ಸ್ಪರ್ಧೆ, ಉಗ್ರ ರಾಷ್ಟ್ರೀಯತೆ, 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ನಡೆದ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್‌ನ ಹತ್ಯೆ ಎಂದು ಬರೆದರೆ ಮುಗಿಯಿತು. "ಕಾರಣಗಳನ್ನು ವಿಶ್ಲೇಷಿಸಿ" ಎಂದರೆ ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವು ಎಂದು ತೋರಿಸಬೇಕು: ಮೈತ್ರಿಕೂಟಗಳು ಇಲ್ಲದಿದ್ದರೆ ಎರಡು ರಾಷ್ಟ್ರಗಳ ಜಗಳ ಯೂರೋಪಿನ ಹಲವು ರಾಷ್ಟ್ರಗಳ ಯುದ್ಧವಾಗುವುದು ಕಷ್ಟವಿತ್ತು, ಶಸ್ತ್ರಾಸ್ತ್ರಗಳ ಪೈಪೋಟಿ ಪರಸ್ಪರ ಅಪನಂಬಿಕೆಯನ್ನು ಬೆಳೆಸಿತ್ತು ಎಂಬಂತೆ. "ಯುದ್ಧಕ್ಕೆ ಯುವರಾಜನ ಹತ್ಯೆ ಎಷ್ಟರ ಮಟ್ಟಿಗೆ ಕಾರಣ?" ಎಂದರೆ ತೂಗಿ ನೋಡಬೇಕು. ಹತ್ಯೆಯಾದ ಒಂದು ತಿಂಗಳಿಗೆ, ಜುಲೈ 28ರಂದು ಆಸ್ಟ್ರಿಯಾ-ಹಂಗೆರಿ ಸರ್ಬಿಯಾದ ಮೇಲೆ ಯುದ್ಧ ಸಾರಿತು ಎಂಬುದು ಒಂದು ಕಡೆಗೆ. ಅದಕ್ಕೂ ಬಹಳ ಹಿಂದಿನಿಂದ ಬೆಳೆದುಬಂದ ಉದ್ವಿಗ್ನತೆ ಇನ್ನೊಂದು ಕಡೆಗೆ. ಕೊನೆಗೆ ಹತ್ಯೆಯು ತಕ್ಷಣದ ಕಾರಣವೇ ಹೊರತು ಮೂಲ ಕಾರಣವಲ್ಲ ಎಂದೋ, ಬೇರೆ ಬಗೆಯಾಗಿಯೋ ಒಂದು ತೀರ್ಮಾನಕ್ಕೆ ಬರಬೇಕು. ಮೂರು ಪ್ರಶ್ನೆಗಳಿಗೂ ಬಳಕೆಯಾದ ಮಾಹಿತಿ ಬಹುಮಟ್ಟಿಗೆ ಒಂದೇ. ಅದರಿಂದ ಮಾಡಿದ ಕೆಲಸ ಬೇರೆ.

"ಎಷ್ಟರ ಮಟ್ಟಿಗೆ" ಎಂಬ ಪ್ರಶ್ನೆಗೆ ಪೂರ್ತಿಯಾಗಿ ಹೌದು ಅಥವಾ ಪೂರ್ತಿಯಾಗಿ ಇಲ್ಲ ಎನ್ನುವ ಉತ್ತರ ಅಪರೂಪಕ್ಕೆ ಮಾತ್ರ ಹೊಂದುತ್ತದೆ. ಆ ಪದಗುಚ್ಛವೇ ಅಳತೆಯನ್ನು ಕೇಳುತ್ತಿದೆ.

ನನ್ನ ಅಭಿಪ್ರಾಯ ಕೇಳಿದ ಮೇಲೆ ಅದನ್ನು ತಪ್ಪು ಎನ್ನಲು ಹೇಗೆ ಸಾಧ್ಯ?

"ಇದನ್ನು ನೀವು ಒಪ್ಪುವಿರಾ? ಸಮರ್ಥಿಸಿ" ಎಂಬ ಪ್ರಶ್ನೆಯಲ್ಲಿ ಅಂಕಗಳು ಹೆಚ್ಚಾಗಿ ಸಮರ್ಥನೆಗೆ ಮೀಸಲು. ಒಪ್ಪಬಹುದು, ಒಪ್ಪದಿರಬಹುದು, ಆದರೆ "ನನಗೆ ಹಾಗನ್ನಿಸುತ್ತದೆ" ಎಂಬುದು ಸಮರ್ಥನೆಯಲ್ಲ. ಪಠ್ಯದಿಂದಲೋ ಕೊಟ್ಟ ದತ್ತಾಂಶದಿಂದಲೋ ಆಧಾರ ತೆಗೆದು, ಆ ಆಧಾರವು ನಿಲುವನ್ನು ಹೇಗೆ ಬೆಂಬಲಿಸುತ್ತದೆ ಎಂದು ಹೇಳಬೇಕು. ವಿಜ್ಞಾನದಲ್ಲಿ ಸ್ವಾತಂತ್ರ್ಯ ಇನ್ನೂ ಕಡಿಮೆ: ಕೊಟ್ಟ ಪ್ರಯೋಗದ ಫಲಿತಾಂಶ ಒಂದನ್ನು ತೋರಿಸುತ್ತಿರುವಾಗ ಅದಕ್ಕೆ ವಿರುದ್ಧವಾದ ತೀರ್ಮಾನವನ್ನು ಅಭಿಪ್ರಾಯವೆಂದು ಮಂಡಿಸಲು ಆಗುವುದಿಲ್ಲ.

ಗಣಿತದಲ್ಲಿ ಬರುವ ತಾಳೆ ನೋಡಿ, ತೋರಿಸಿ, ಸಾಧಿಸಿ ಇವುಗಳಿಗೆ ವ್ಯತ್ಯಾಸವಿದೆಯೆ?

ಇದೆ. ತಾಳೆ ನೋಡಿ ಎಂದರೆ ಕೊಟ್ಟ ಬೆಲೆಯನ್ನು ಆದೇಶಿಸಿ ಎರಡೂ ಬದಿ ಸಮನಾಗುತ್ತದೆಯೇ ಎಂದು ನೋಡುವುದು. ತೋರಿಸಿ ಎಂದಾಗ ಉತ್ತರ ಪ್ರಶ್ನೆಯಲ್ಲೇ ಇರುತ್ತದೆ, ಅಂಕ ಇರುವುದು ಅಲ್ಲಿಗೆ ತಲುಪುವ ಹಂತಗಳಿಗೆ. ಒಂದು ಹಂತವನ್ನೂ ನುಂಗಬಾರದು. ಸಾಧಿಸಿ ಎಂದಾಗ ಹೇಳಿಕೆಯು ಎಲ್ಲ ಸಂದರ್ಭಗಳಲ್ಲೂ ನಿಲ್ಲುತ್ತದೆ ಎಂದು ತರ್ಕದಿಂದ ತೋರಿಸಬೇಕು.

"ಯಾವುದೇ ಎರಡು ಬೆಸ ಸಂಖ್ಯೆಗಳ ಮೊತ್ತ ಸಮ ಸಂಖ್ಯೆ ಎಂದು ಸಾಧಿಸಿ" ಎಂಬುದಕ್ಕೆ 3 + 5 = 8, 7 + 9 = 16 ಎಂದು ಎಷ್ಟು ಉದಾಹರಣೆ ಕೊಟ್ಟರೂ ಸಾಧನೆಯಾಗುವುದಿಲ್ಲ, ಏಕೆಂದರೆ ನೋಡದೇ ಉಳಿದ ಬೆಸ ಸಂಖ್ಯೆಗಳಿಗೆ ಕೊನೆಯೇ ಇಲ್ಲ. ಪ್ರತಿ ಬೆಸ ಸಂಖ್ಯೆಯೂ ಒಂದು ಸಮ ಸಂಖ್ಯೆಗಿಂತ 1 ಹೆಚ್ಚು. ಹಾಗಾಗಿ ಎರಡು ಬೆಸ ಸಂಖ್ಯೆಗಳನ್ನು ಕೂಡಿದಾಗ ಎರಡು ಸಮ ಸಂಖ್ಯೆಗಳ ಮೊತ್ತದ ಜೊತೆಗೆ 2 ಸೇರುತ್ತದೆ. ಅದು ಸಮ ಸಂಖ್ಯೆಯೇ. ಈ ಮಾತು ಎಲ್ಲ ಬೆಸ ಸಂಖ್ಯೆಗಳನ್ನೂ ಒಮ್ಮೆಗೇ ಒಳಗೊಳ್ಳುತ್ತದೆ. ಹೇಳಿಕೆ ತಪ್ಪೆಂದು ತೋರಿಸಲು ಮಾತ್ರ ಒಂದೇ ಉದಾಹರಣೆ ಸಾಕು: ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಬೆಸ ಸಂಖ್ಯೆಗಳು ಎಂಬ ಹೇಳಿಕೆಯನ್ನು 2 ಒಂದೇ ಅಲ್ಲಗಳೆಯುತ್ತದೆ.

ಅಂದಾಜಿಸಿ ಎಂದಾಗ ನಿಖರ ಉತ್ತರ ಬರೆಯುವುದೂ ತಪ್ಪೇ. 49.7 × 20.3 ಎಂಬುದನ್ನು ಅಂದಾಜಿಸಲು 50 × 20 = 1000 ಎಂದು ತೋರಿಸಬೇಕು; ಗುಣಿಸಿ 1008.91 ಎಂದು ಬರೆದರೆ ಅಂದಾಜಿಸುವ ಸಾಮರ್ಥ್ಯ ಕಾಣಿಸಲಿಲ್ಲ. ರೇಖಾಗಣಿತದಲ್ಲಿ ರಚಿಸಿ ಎಂದಾಗ ಕೈವಾರದಿಂದ ಎಳೆದ ಕಂಸಗಳನ್ನು ಅಳಿಸಬಾರದು, ರಚನೆ ನಡೆದಿದೆ ಎಂಬುದಕ್ಕೆ ಅವೇ ಸಾಕ್ಷಿ. ಇನ್ನು, "ಇದರಿಂದ" ಅಥವಾ "ಈ ಫಲಿತಾಂಶವನ್ನು ಬಳಸಿ" ಎಂಬ ಮಾತಿದ್ದರೆ ಹಿಂದಿನ ಭಾಗದ ಉತ್ತರದಿಂದಲೇ ಮುಂದುವರಿಯಬೇಕು. ಬೇರೆ ದಾರಿಯಿಂದ ಸರಿಯುತ್ತರ ಬಂದರೂ ಕೇಳಿದ ಕೆಲಸ ನಡೆದಂತಾಗುವುದಿಲ್ಲ.

"ನಿರೂಪಿಸಿ" ಎಂಬುದು ಒಂದೊಂದು ವಿಷಯದಲ್ಲಿ ಒಂದೊಂದು ಅರ್ಥ ಕೊಡುತ್ತದೆಯಲ್ಲ?

ಹೌದು, ಮತ್ತು ಇದು ಗಮನಿಸಲೇಬೇಕಾದ ಸಂಗತಿ. "ಪೈಥಾಗೊರಸ್‌ನ ಪ್ರಮೇಯವನ್ನು ನಿರೂಪಿಸಿ ಮತ್ತು ಸಾಧಿಸಿ" ಎಂಬಲ್ಲಿ ನಿರೂಪಿಸುವುದೆಂದರೆ ಪ್ರಮೇಯದ ಹೇಳಿಕೆಯನ್ನು ಬರೆಯುವುದು. ಭಾಷಾ ಪತ್ರಿಕೆಯಲ್ಲಿ ಒಂದು ಪ್ರಸಂಗವನ್ನು ನಿರೂಪಿಸಿ ಎಂದರೆ ಕಥೆಯನ್ನು ಕ್ರಮವಾಗಿ ಹೇಳುವುದು. ಹಾಗೆಯೇ "ಗುರುತಿಸಿ" ಎಂಬುದು ಚಿತ್ರದ ಪ್ರಶ್ನೆಯಲ್ಲಿ ಭಾಗಗಳಿಗೆ ಗೆರೆ ಎಳೆದು ಹೆಸರು ಬರೆಯುವುದನ್ನು, ನಕಾಶೆಯ ಪ್ರಶ್ನೆಯಲ್ಲಿ ಸರಿಯಾದ ಜಾಗದಲ್ಲಿ ಚಿಹ್ನೆ ಹಾಕುವುದನ್ನು, ವ್ಯಾಕರಣದಲ್ಲಿ ಕೊಟ್ಟ ವಾಕ್ಯದಿಂದ ಪದವನ್ನು ಆರಿಸುವುದನ್ನು ಸೂಚಿಸುತ್ತದೆ. ಆದ್ದರಿಂದ ಸೂಚನಾ ಪದಗಳ ಒಂದೇ ಪಟ್ಟಿಯನ್ನು ಎಲ್ಲ ವಿಷಯಗಳಿಗೂ ಬಾಯಿಪಾಠ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ವಿಷಯದ ನೋಟ್‌ಬುಕ್ಕಿನಲ್ಲಿ, ಆ ವಿಷಯದ ಉದಾಹರಣೆಯ ಜೊತೆಗೆ, ಪದಗಳನ್ನು ಬರೆದಿಟ್ಟುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ಸಾರಾಂಶ, ಭಾವಾರ್ಥ, ಸಂದರ್ಭ ಸಹಿತ ಸ್ವಾರಸ್ಯ: ಇವುಗಳಲ್ಲಿ ಏನು ನಿರೀಕ್ಷಿಸುತ್ತಾರೆ?

ಸಾರಾಂಶದಲ್ಲಿ ಮೂಲದ ಮುಖ್ಯ ಸಂಗತಿಗಳನ್ನು ಸ್ವಂತ ಮಾತಿನಲ್ಲಿ ಚಿಕ್ಕದಾಗಿ ಹೇಳಬೇಕು, ಮೂಲದಲ್ಲಿಲ್ಲದ್ದನ್ನು ಸೇರಿಸುವಂತಿಲ್ಲ. ಭಾವಾರ್ಥದಲ್ಲಿ ಪದಗಳ ಅರ್ಥವನ್ನು ದಾಟಿ ಕವಿಯ ಆಶಯಕ್ಕೆ ಹೋಗಬೇಕು. ಸಂದರ್ಭ ಸಹಿತ ಸ್ವಾರಸ್ಯದಲ್ಲಿ ವಾಕ್ಯ ಯಾವ ಪಾಠದ್ದು, ಯಾರು ಯಾರಿಗೆ ಯಾವ ಸನ್ನಿವೇಶದಲ್ಲಿ ಹೇಳಿದ್ದು ಎಂಬಲ್ಲಿಗೆ ಬಹಳ ವಿದ್ಯಾರ್ಥಿಗಳು ನಿಂತುಬಿಡುತ್ತಾರೆ. ಸ್ವಾರಸ್ಯವೆಂಬುದು ಅದಾದ ಮೇಲೆ ಆರಂಭವಾಗುತ್ತದೆ: ಆ ಮಾತಿನಲ್ಲಿ ಏನು ವಿಶೇಷ, ಅದು ಹೇಳಿದವರ ಸ್ವಭಾವವನ್ನು ಹೇಗೆ ತೋರಿಸುತ್ತದೆ, ಕಥೆಯ ತಿರುವಿಗೆ ಅದು ಹೇಗೆ ಕಾರಣವಾಗುತ್ತದೆ ಎಂಬುದು ಅಲ್ಲಿ ಬರಬೇಕು. "ಈ ಮಾತು ಸ್ವಾರಸ್ಯಕರವಾಗಿದೆ" ಎಂದು ಬರೆಯುವುದರಿಂದ ಸ್ವಾರಸ್ಯ ಮೂಡುವುದಿಲ್ಲ.

"ಯಾವುದಾದರೂ ಎರಡು" ಎಂದು ಕೇಳಿದಾಗ ನಾಲ್ಕು ಬರೆದರೆ ಒಳ್ಳೆಯದಲ್ಲವೆ?

ಅಲ್ಲ. ಕೆಲವು ಪದ್ಧತಿಗಳಲ್ಲಿ ಮೊದಲು ಬರೆದ ಎರಡನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಾರೆ. ಹಾಗಿರುವಲ್ಲಿ ಮೊದಲ ಎರಡರಲ್ಲಿ ಒಂದು ತಪ್ಪಾಗಿದ್ದರೆ ನಾಲ್ಕನೆಯದು ಸರಿಯಾಗಿದ್ದೂ ಉಪಯೋಗವಿಲ್ಲ. ತಮಗೆ ಖಚಿತವಾಗಿ ಗೊತ್ತಿರುವ ಎರಡನ್ನು ಆರಿಸಿ, ಅವನ್ನೇ ಚೆನ್ನಾಗಿ ಬರೆಯುವುದು ಜಾಣತನ.

ಮಿತಿ ಹೇರುವ ಚಿಕ್ಕ ಪದಗಳಲ್ಲಿ ಅತಿ ಹೆಚ್ಚು ಎಡವಿಸುವುದು ನಿಷೇಧ. "ಈ ಕೆಳಗಿನವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು?" ಎಂಬಲ್ಲಿ "ಅಲ್ಲದ" ಎಂಬುದು ಹಿಂದಿನ ಪದಕ್ಕೆ ಅಂಟಿಕೊಂಡು ಕಣ್ತಪ್ಪಿಸುತ್ತದೆ. ಆ ಭಾಗಕ್ಕೆ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಳ್ಳಿ. "ಗದ್ಯಭಾಗದ ಆಧಾರದಿಂದ" ಎಂದಿದ್ದರೆ ಹೊರಗಿನ ಜ್ಞಾನವನ್ನು ತರಬಾರದು, ಅದು ಎಷ್ಟೇ ಸರಿಯಾಗಿದ್ದರೂ.

ಒಂದೇ ಪ್ರಶ್ನೆಯಲ್ಲಿ ಎರಡು ಸೂಚನಾ ಪದಗಳಿದ್ದರೆ?

ಅದನ್ನು ಎರಡು ಪ್ರಶ್ನೆಗಳೆಂದೇ ಎಣಿಸಿ. "ತುಕ್ಕು ಹಿಡಿಯುವುದನ್ನು ತಡೆಯುವ ಎರಡು ವಿಧಾನಗಳನ್ನು ಹೆಸರಿಸಿ, ಅವುಗಳಲ್ಲಿ ಒಂದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿ" ಎಂಬುದರಲ್ಲಿ ಬಣ್ಣ ಬಳಿಯುವುದು, ಸತುವಿನ ಲೇಪನ ಎಂಬ ಹೆಸರುಗಳು ಮೊದಲ ಭಾಗ. ಬಣ್ಣದ ಪದರವು ಕಬ್ಬಿಣಕ್ಕೆ ನೀರು ಮತ್ತು ಆಕ್ಸಿಜನ್ ತಾಗದಂತೆ ತಡೆಯುತ್ತದೆ, ಇವೆರಡೂ ಇಲ್ಲದೆ ತುಕ್ಕು ಉಂಟಾಗದು ಎಂಬುದು ಎರಡನೆಯ ಭಾಗ. ಉತ್ತರದಲ್ಲೂ ಈ ಎರಡು ಭಾಗಗಳು ಬೇರೆ ಬೇರೆಯಾಗಿ ಕಂಡರೆ ಮೌಲ್ಯಮಾಪಕರಿಗೆ ಅನುಕೂಲ.

ಅಂಕಗಳನ್ನು ನೋಡಿ ಉತ್ತರದ ಉದ್ದ ನಿರ್ಧರಿಸಬಹುದೆ?

ಸ್ವಲ್ಪಮಟ್ಟಿಗೆ ನಿರ್ಧರಿಸಬಹುದು. ಎರಡು ಅಂಕದ "ವಿವರಿಸಿ"ಗೂ ಐದು ಅಂಕದ "ವಿವರಿಸಿ"ಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಅಂಕ ಸೂಚಿಸುವುದು ಸಾಲುಗಳ ಸಂಖ್ಯೆಯನ್ನಲ್ಲ, ಬೇರೆ ಬೇರೆ ಅಂಶಗಳ ಸಂಖ್ಯೆಯನ್ನು. ಒಂದೇ ಅಂಶವನ್ನು ಮೂರು ಬಗೆಯಲ್ಲಿ ಹೇಳಿದರೆ ಅದು ಒಂದೇ ಅಂಶ.

ತರಗತಿಯಲ್ಲಿ ಇದನ್ನು ಕಲಿಸುವುದು ಹೇಗೆ?

ಪದಗಳ ಅರ್ಥವನ್ನು ಗೋಡೆಯ ಮೇಲೆ ಅಂಟಿಸಿದರೆ ಮಕ್ಕಳು ಓದುತ್ತಾರೆ, ಆದರೆ ಕಲಿಯುವುದು ಮಾಡಿದಾಗಲೇ. ಈಗಾಗಲೇ ಗೊತ್ತಿರುವ ಒಂದು ವಿಷಯವನ್ನು ಹಿಡಿದು ಸೂಚನಾ ಪದವನ್ನು ಮಾತ್ರ ಬದಲಾಯಿಸುತ್ತ ಹೋಗುವುದು ನಾನು ಬಲವಾಗಿ ನಂಬುವ ವಿಧಾನ. ದ್ಯುತಿಸಂಶ್ಲೇಷಣೆಯನ್ನೇ ತೆಗೆದುಕೊಂಡು, ಅದಕ್ಕೆ ಬೇಕಾದ ಕಚ್ಚಾವಸ್ತುಗಳನ್ನು ಹೆಸರಿಸಿ, ಅದನ್ನು ವ್ಯಾಖ್ಯಾನಿಸಿ, ಕತ್ತಲಲ್ಲಿ ಅದು ಏಕೆ ನಡೆಯದೆಂದು ವಿವರಿಸಿ, ಉಸಿರಾಟದೊಂದಿಗೆ ಹೋಲಿಸಿ, ಬೆಳಕು ಅಗತ್ಯವೆಂದು ತೋರಿಸುವ ಪ್ರಯೋಗವೊಂದನ್ನು ರೂಪಿಸಿ ಎಂದು ಕೇಳಿದಾಗ, ವಿಷಯ ಅಲ್ಲೇ ಇದ್ದು ಕೆಲಸ ಬದಲಾಗುವುದು ಮಕ್ಕಳ ಅನುಭವಕ್ಕೆ ಬರುತ್ತದೆ. ಉತ್ತರವನ್ನು ಕೊಟ್ಟು ಪ್ರಶ್ನೆ ಯಾವುದಿರಬಹುದು ಎಂದು ಕೇಳುವುದು ಇನ್ನೊಂದು ಒಳ್ಳೆಯ ಅಭ್ಯಾಸ. ಹೆಸರು ಮರೆಮಾಡಿದ ಉತ್ತರಗಳಿಗೆ ಮಕ್ಕಳಿಂದಲೇ, ಅಂಕ ಹಂಚಿಕೆಯನ್ನು ಮುಂದಿಟ್ಟು, ಅಂಕ ಹಾಕಿಸಿದರೆ "ಸರಿಯಾಗಿದೆ, ಆದರೆ ಕೇಳಿದ್ದಕ್ಕೆ ಉತ್ತರವಲ್ಲ" ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ.

ಪ್ರಶ್ನೆ ತಯಾರಿಸುವ ಶಿಕ್ಷಕರ ಹೊಣೆ ಏನು?

ಎಲ್ಲ ತಪ್ಪನ್ನೂ ವಿದ್ಯಾರ್ಥಿಯ ಮೇಲೆ ಹೊರಿಸುವುದು ನ್ಯಾಯವಲ್ಲ. "ಮಣ್ಣಿನ ಬಗ್ಗೆ ಬರೆಯಿರಿ" ಎಂಬುದು ಪ್ರಶ್ನೆಯೇ ಅಲ್ಲ; ಅದಕ್ಕೆ ಮಣ್ಣಿನ ವಿಧಗಳನ್ನೂ ಬರೆಯಬಹುದು, ಸವಕಳಿಯನ್ನೂ ಬರೆಯಬಹುದು. ಪ್ರಶ್ನೆ ಬರೆದ ಕೂಡಲೇ ಅದರ ಮಾದರಿ ಉತ್ತರವನ್ನೂ ಅಂಕ ಹಂಚಿಕೆಯನ್ನೂ ಬರೆದು ನೋಡಬೇಕು. "ಹೆಸರಿಸಿ" ಎಂದು ಕೇಳಿ ಅಂಕ ಹಂಚಿಕೆಯಲ್ಲಿ ವಿವರಣೆಗೆ ಅಂಕ ಇಟ್ಟಿದ್ದರೆ, ಸೂಚನೆಯನ್ನು ಪಾಲಿಸಿದ ಮಗುವಿಗೇ ಅನ್ಯಾಯವಾಗುತ್ತದೆ. ಒಂದು ಶಾಲೆಯ ಎಲ್ಲ ಶಿಕ್ಷಕರೂ ಒಂದೊಂದು ಪದವನ್ನು ಒಂದೇ ಅರ್ಥದಲ್ಲಿ ಬಳಸಲು ಒಪ್ಪಿಕೊಂಡರೆ, ವಿಷಯದಿಂದ ವಿಷಯಕ್ಕೆ ಹೋದಾಗ ಮಕ್ಕಳಿಗೆ ಆಗುವ ಗೊಂದಲ ಬಹಳಷ್ಟು ತಗ್ಗುತ್ತದೆ. ಪರೀಕ್ಷೆಯ ಮಾಧ್ಯಮವೂ ಮನೆಯ ಮಾತೂ ಬೇರೆಯಾಗಿರುವ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಅವರು ವಿಷಯವನ್ನು ತಿಳಿದಿದ್ದೂ ಸೂಚನೆಯ ಪದದಲ್ಲೇ ತಡವರಿಸುವುದುಂಟು.

ಮನೆಯಲ್ಲಿ ಪೋಷಕರು ಹೇಗೆ ನೆರವಾಗಬಹುದು?

ವಿಷಯ ಗೊತ್ತಿಲ್ಲದ ಪೋಷಕರೂ ನೆರವಾಗಬಹುದು. ಮಗು ಉತ್ತರ ಬರೆಯುವ ಮೊದಲು "ಇಲ್ಲಿ ನಿನ್ನಿಂದ ಏನು ಮಾಡಿಸಬೇಕೆಂದಿದ್ದಾರೆ?" ಎಂದು ಕೇಳಿದರೆ ಸಾಕು. ಮಗು ವಿಷಯದ ಹೆಸರು ಹೇಳಿದರೆ, "ಅದು ಸರಿ, ಅದನ್ನು ಏನು ಮಾಡಬೇಕು?" ಎಂದು ಮತ್ತೊಮ್ಮೆ ಕೇಳಿ.

ಪರೀಕ್ಷೆಯಲ್ಲಿ ಕುಳಿತಾಗ ಸೂಚನಾ ಪದದ ಅರ್ಥವೇ ಹೊಳೆಯದಿದ್ದರೆ ಏನು ಮಾಡಬೇಕು?

ಗಾಬರಿಯಾಗದೆ ಪ್ರಶ್ನೆಯ ಉಳಿದ ಭಾಗಗಳನ್ನು ನೋಡಬೇಕು. ಅಂಕ ಎಷ್ಟು, ಉತ್ತರಕ್ಕೆ ಬಿಟ್ಟಿರುವ ಜಾಗ ಎಷ್ಟು, ಹಿಂದಿನ ಉಪಪ್ರಶ್ನೆ ಏನು ಕೇಳಿತ್ತು, ಚಿತ್ರ ಅಥವಾ ಕೋಷ್ಟಕ ಕೊಟ್ಟಿದ್ದಾರೆಯೆ ಎಂಬುದರಿಂದ ನಿರೀಕ್ಷೆಯನ್ನು ಬಹುಮಟ್ಟಿಗೆ ಊಹಿಸಬಹುದು. ಆಗಲೂ ತಿಳಿಯದಿದ್ದರೆ ಪ್ರಶ್ನೆಯನ್ನು ಖಾಲಿ ಬಿಡದೆ, ಮೊದಲು ಸಂಗತಿಯನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ, ಅದಕ್ಕೆ ಕಾರಣವನ್ನು ಸೇರಿಸಿ, ಒಂದು ಉದಾಹರಣೆ ಕೊಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕು. ಕೊನೆಯಲ್ಲಿ ಸಮಯ ಉಳಿದರೆ ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಅದರ ಕೊನೆಯ ಪದಕ್ಕೂ ತಾವು ಬರೆದದ್ದಕ್ಕೂ ಹೊಂದುತ್ತದೆಯೆ ಎಂದು ಪರಿಶೀಲಿಸಬೇಕು.